ತಕ್ಕಡಿಯ ಜಮಾ, ಅಂಕಣದ ಖರ್ಚು

ಧಾರವಾಡದ ಒಂದು ಕಾಲೇಜಿನ ಮೈದಾನ. ಹೆಸರು ಬೇಡ, ಯಾವ ಕಾಲೇಜಿಗೆ ಹೋದರೂ ನೋಡಸಿಗುವುದು ಇದೇ. ಜಿಟಿಜಿಟಿ ಮಳೆ ಒಂದು ತಾಸು ಬಿಡುವು ಕೊಟ್ಟಿತ್ತು. ಕಬಡ್ಡಿ ತಂಡದ ಆಯ್ಕೆಗೆ ಐವತ್ತು-ಅರವತ್ತು ಹುಡುಗರು ನೆರೆದಿದ್ದರು: ಕಲಘಟಗಿ, ನವಲಗುಂದ, ಕುಂದಗೋಳ, ಅಳ್ನಾವರ, ಇನ್ನೂ ಎಲ್ಲೆಲ್ಲಿಂದಲೋ. ಅಂಕಣಕ್ಕೆ ಸುಣ್ಣದ ಗೆರೆ ಬೀಳುವ ಮೊದಲೇ ಅಲ್ಲಿಗೆ ಬಂದದ್ದು ತೂಕದ ಯಂತ್ರ. ನೆಲ ಸಮ ಇಲ್ಲವೆಂದು ಅದರ ಕೆಳಗೆ ಒಂದು ಫರಸಿ ಕಲ್ಲು ಹಾಸಿದರು. ಪಕ್ಕದ ಗೋಡೆಗೆ ಇಂಚಿನ ಟೇಪು ಅಂಟಿಸಿದರು. ಹುಡುಗರು ಚಪ್ಪಲಿ ಕಳಚಿ ಸಾಲುಗಟ್ಟಿದರು. ರೇಷನ್ ಅಂಗಡಿಯ ಮುಂದೆ ಜೋಳದ ಚೀಲಗಳು ಸರದಿ ಕಾಯುತ್ತವಲ್ಲ, ಹಾಗೆ.

ಅವರಲ್ಲಿ ಒಬ್ಬ ಕಲಘಟಗಿ ಕಡೆಯ ಹುಡುಗ. ಐದೂವರೆ ಅಡಿ, 62 ಕೆಜಿ. ಎಡ ಕಾರ್ನರ್‌ನಲ್ಲಿ ನಿಂತು ಆಡುವವನು. ಆ ಮಧ್ಯಾಹ್ನ ಅವನು ಮೂವರು ರೈಡರ್‌ಗಳ ಹಿಮ್ಮಡಿ ಹಿಡಿದ. ಮೂವರೂ ಬಿದ್ದ ಜಾಗದಿಂದ ಒಂದು ಗೇಣು ಮುಂದೆ ಸರಿಯಲಿಲ್ಲ. ಇನ್ನೊಬ್ಬನದು ಆರಡಿ ದೇಹ, 81 ಕೆಜಿ. ಅವನನ್ನು ನಾಲ್ಕು ಸಲ ಮುಟ್ಟಿ ಹೋದರು, ಹಿಡಿಯಲು ಹೋದ ಒಮ್ಮೆ ಅವನ ಕೈಗೆ ಬಂದದ್ದು ಗಾಳಿ. ಸಂಜೆ ಪಟ್ಟಿ ಓದಿದಾಗ ಎರಡನೆಯವನ ಹೆಸರಿತ್ತು, ಮೊದಲನೆಯವನದು ಇರಲಿಲ್ಲ. ಸಹಾಯಕ ಕೋಚ್‌ಗೆ ನಾನು ಕೇಳಿದೆ. ಆತ ಒಳ್ಳೆಯ ಮನುಷ್ಯ, ಸಿಟ್ಟಾಗಲಿಲ್ಲ. ನಗುತ್ತ ಹೇಳಿದ: "ಮೈ ನೋಡ್ರಿ ಸರ ಅವಂದು! ಆಟ ನಾಳೆ ಕಲಸಬಹುದು. ಮೈ ಕಲಸಾಕ ಬರೂದಿಲ್ಲ."

ಈ ಲೇಖನ ಆ ಒಂದು ಮಾತಿನ ಮೇಲಿನ ತಕರಾರು. ಅದನ್ನು ಆತ ಕಟ್ಟಿದ್ದಲ್ಲ. ಹುಬ್ಬಳ್ಳಿಯ ನೆಹರೂ ಮೈದಾನದ ಕಟ್ಟೆಯ ಮೇಲೆ ಕೂತವರೂ ಹೇಳುತ್ತಾರೆ, ವಿಶ್ವವಿದ್ಯಾಲಯದ ಆಯ್ಕೆ ಸಮಿತಿಗಳಲ್ಲಿ ಕೂತವರೂ ಹೇಳುತ್ತಾರೆ, ರೈಲ್ವೆ ಕ್ರೀಡಾ ಕೋಟಾದ ಕನಸು ಹೊತ್ತ ಮಗನಿಗೆ ದಿನಕ್ಕೆ ಆರು ಮೊಟ್ಟೆ ತಿನ್ನಿಸುವ ಅಪ್ಪನೂ ಹೇಳುತ್ತಾನೆ. ಗಾದೆಯ ಗತ್ತು ಬಂದುಬಿಟ್ಟಿದೆ ಅದಕ್ಕೆ. ಗತ್ತು ಬಂದ ಮಾತನ್ನು ಯಾರೂ ಬಿಚ್ಚಿ ನೋಡುವುದಿಲ್ಲ. ನಾನು ಬಿಚ್ಚಿ ನೋಡಿದ್ದೇನೆ. ಅರ್ಧ ಸುಳ್ಳು, ಇನ್ನರ್ಧ ತಲೆಕೆಳಗು.

ಮೊದಲು ಅಂಕಣದ ಲೆಕ್ಕ ನೋಡೋಣ. ಪುರುಷರ ಕಬಡ್ಡಿ ಅಂಕಣ 13 ಮೀಟರ್ ಉದ್ದ, 10 ಮೀಟರ್ ಅಗಲ. ನಡುಗೆರೆಯಿಂದ ಕೊನೆಗೆರೆಗೆ ಆರೂವರೆ ಮೀಟರ್. ನಡುಗೆರೆಯಿಂದ 3.75 ಮೀಟರ್‌ಗೆ ಬಾಕ್ ಲೈನ್, ಅದರಾಚೆ ಒಂದು ಮೀಟರ್‌ಗೆ ಬೋನಸ್ ಗೆರೆ. ರೈಡರ್ ಮೂವತ್ತು ಸೆಕೆಂಡಿನಲ್ಲಿ ಒಳಗೆ ಬಂದು, ಮುಟ್ಟಿ, ಅಥವಾ ಬೋನಸ್ ಗೆರೆ ದಾಟಿ, ತಿರುಗಿ ನಡುಗೆರೆ ತಲುಪಬೇಕು. ಇಡೀ ದೇಹ ತಲುಪಬೇಕಾಗಿಲ್ಲ, ಒಂದು ಬೆರಳ ತುದಿ ಸಾಕು.

ಆ ಬೆರಳ ತುದಿಯಲ್ಲಿದೆ ಮರ್ಮ. ಐದೂಮುಕ್ಕಾಲು ಅಡಿಯ ರೈಡರ್ ನೆಲಕ್ಕೆ ಬಿದ್ದು ಕೈ ಚಾಚಿದರೆ ಕಾಲ ತುದಿಯಿಂದ ಕೈ ತುದಿಗೆ ಹೆಚ್ಚುಕಡಿಮೆ ಎರಡೂಕಾಲು ಮೀಟರ್. ಈಗ ಅವನ ಹಿಮ್ಮಡಿಯನ್ನು ಬೋನಸ್ ಗೆರೆಯ ಮೇಲೆ ಹಿಡಿದಿರಿ ಅನ್ನಿ. ನಡುಗೆರೆಗೆ 4.75 ಮೀಟರ್ ಇದೆ. ಮೈ ಪೂರ್ತಿ ಚಾಚಿದರೂ ಎರಡೂವರೆ ಮೀಟರ್ ಬಾಕಿ. ಬೆನ್ನ ಮೇಲೆ ನಿಮ್ಮನ್ನು ಹೊತ್ತು ಅಷ್ಟು ದೂರ ಜಗ್ಗಿಕೊಂಡು ಹೋಗಬೇಕು, ಅಷ್ಟರಲ್ಲಿ ಉಳಿದ ಆರು ಜನ ಬಂದಿರುತ್ತಾರೆ. ಅದೇ ಹಿಮ್ಮಡಿಯನ್ನು ನೀವು ಮೂರು ಮೀಟರ್ ಅಂತರದಲ್ಲಿ ಹಿಡಿದಿರಿ. ಬಾಕಿ ಉಳಿದದ್ದು ಮುಕ್ಕಾಲು ಮೀಟರ್. ಒಂದು ಒದೆತ, ಒಂದು ಜಾರು, ಮುಗಿಯಿತು, ಅಂಕ ಅವನಿಗೆ. ನಿಮ್ಮ ತೂಕ 62 ಇರಲಿ 85 ಇರಲಿ, ಮುಕ್ಕಾಲು ಮೀಟರ್ ಉಳಿದಾಗ ಹಿಡಿದವನು ತಡವಾಗಿ ಹಿಡಿದವನೇ.

ಅಂದರೆ ಎಷ್ಟು ಭಾರದವ ಹಿಡಿದ ಎಂಬುದಕ್ಕಿಂತ ಎಲ್ಲಿ ಹಿಡಿದ ಎಂಬುದು ದೊಡ್ಡದು. ರೈಡರ್ ತಿರುಗಿ ಓಡತೊಡಗಿದ ಮೇಲೆ ಗೆರೆ ತಲುಪಲು ಎರಡು ಸೆಕೆಂಡೂ ಬೇಕಿಲ್ಲ. ಆ ಎರಡು ಸೆಕೆಂಡಿನಲ್ಲಿ ಅರ್ಧ ಸೆಕೆಂಡು ಮೊದಲು ಹೊರಟ ಹಗುರ ಹುಡುಗ ಎಂಟು-ಹತ್ತು ಕೆಜಿ ಹೆಚ್ಚಿನವನ ಕೆಲಸ ಮಾಡುತ್ತಾನೆ. ಆ ಅರ್ಧ ಸೆಕೆಂಡನ್ನು ಯಾವ ತಕ್ಕಡಿಯೂ ತೂಗುವುದಿಲ್ಲ. ಯಂತ್ರದ ಮೇಲೆ ನಿಂತ ಹುಡುಗ ನಿಂತೇ ಇರುತ್ತಾನಲ್ಲ!

ಹಾಗಾದರೆ ನಮ್ಮ ಕಣ್ಣು ಮೈಯ ಮೇಲೆಯೇ ಯಾಕೆ ನಿಲ್ಲುತ್ತದೆ? ಈ ನೆಲದ ಕಣ್ಣು ಗರಡಿಯಲ್ಲಿ ಪಳಗಿದ್ದು, ಅದಕ್ಕೆ. ಧಾರವಾಡ ಸೀಮೆಯ ಹಳ್ಳಿ ಹಳ್ಳಿಗೂ ಒಂದು ಗರಡಿಮನೆ ಇತ್ತು, ಕೆಂಪು ಮಣ್ಣು, ಗೋಡೆಗೆ ಹನುಮಪ್ಪ, ಮೂಲೆಯಲ್ಲಿ ಕರೇಲ. ಪೈಲ್ವಾನ ಓಣಿಯಲ್ಲಿ ನಡೆದು ಬಂದರೆ ಎದೆಯ ಅಗಲ ನೋಡಿ ಜನ ದಾರಿ ಬಿಡುತ್ತಿದ್ದರು. ಆ ಗೌರವದ ಬಗ್ಗೆ ನನಗೆ ತಕರಾರಿಲ್ಲ. ನನ್ನ ಅಜ್ಜನ ಮನೆಯಲ್ಲೂ ಒಂದು ಜೋಡಿ ಕರೇಲ ಇದ್ದವು, ಅವನ್ನು ಎತ್ತಲಾಗದೆ ನಾನು ಉರುಳಿಸಿ ಆಡುತ್ತಿದ್ದೆ. ಆದರೆ ಕುಸ್ತಿಯ ಕಣ್ಣಿನಿಂದ ಕಬಡ್ಡಿ ನೋಡಬಾರದು. ಕುಸ್ತಿಯಲ್ಲಿ ಎದುರಾಳಿ ನಿಮ್ಮ ತೂಕದವನೇ, ಅವನೂ ನಿಮ್ಮನ್ನು ಹಿಡಿಯಲೆಂದೇ ಬಂದಿರುತ್ತಾನೆ, ಓಡಿ ಮುಟ್ಟಬೇಕಾದ ಗೆರೆ ಅವನಿಗಿಲ್ಲ. ಕಬಡ್ಡಿಯಲ್ಲಿ ಬಂದವನು ಕಳ್ಳ. ಕೈಗೆ ಸಿಕ್ಕದೆ ಹೋಗುವುದೇ ಅವನ ಕಸುಬು. ಕಳ್ಳನನ್ನು ಹಿಡಿಯಲು ಪೈಲ್ವಾನ ಬೇಕಾಗಿಲ್ಲ, ಬಾಗಿಲ ಎಡೆಯಲ್ಲಿ ಉಸಿರು ಬಿಗಿಹಿಡಿದು ಕೂತವನು ಬೇಕು.

ಈಗ ಜಮಾ-ಖರ್ಚಿನ ಮಾತು. ಹುಬ್ಬಳ್ಳಿಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ದುರ್ಗದಬೈಲಿನ ಸಣ್ಣ ಅಂಗಡಿಯವನೂ ಎರಡು ಕಾಲಂ ಬರೆಯುತ್ತಾನೆ. ಡಿಫೆಂಡರ್‌ನ ಮೈ ಅಳೆಯುವ ನಮ್ಮ ಕೋಚುಗಳು ಮಾತ್ರ ಜಮಾ ಬರೆದು ಖರ್ಚಿನ ಪುಟ ಹರಿದು ಹಾಕುತ್ತಾರೆ. ಎತ್ತರ ಇದ್ದರೆ ತೋಳು ಉದ್ದ, ಹಿಡಿತದ ವ್ಯಾಪ್ತಿ ದೊಡ್ಡದು. ನಿಜ, ಜಮಾ. ಅದೇ ಎತ್ತರದವನು ಹಿಮ್ಮಡಿಗೆ ಇಳಿಯಬೇಕಾದರೆ ಸೊಂಟ, ಮೊಣಕಾಲು ಎರಡೂ ಹೆಚ್ಚು ಬಾಗಬೇಕು, ಕೈ ಹೆಚ್ಚು ದೂರ ಹೋಗಬೇಕು. ಅದು ಖರ್ಚು. ಕೈಕೈ ಹಿಡಿದು ಚೈನ್ ಕಟ್ಟಿದಾಗ ಎತ್ತರದ ಇಬ್ಬರ ತೋಳಿನ ಕೆಳಗೆ ಒಂದು ಕಿಟಕಿ ತೆರೆದುಕೊಳ್ಳುತ್ತದೆ. ಪಟ್ನಾ ಪೈರೇಟ್ಸ್‌ನ ಪರ್ದೀಪ್ ನರ್ವಾಲ್ ಅದೇ ಕಿಟಕಿಯಿಂದ ನುಸುಳಿ ಹೋಗಿ 'ಡುಬ್ಕಿ' ಎಂಬ ಶಬ್ದವನ್ನು ಮಕ್ಕಳ ಬಾಯಿಗೆ ತಂದ. ಅವನಿದ್ದ ಪಟ್ನಾ ಮೂರು, ನಾಲ್ಕು, ಐದನೇ ಆವೃತ್ತಿಗಳ ಪ್ರೊ ಕಬಡ್ಡಿ ಕಪ್ಪನ್ನು ಸಾಲಾಗಿ ಗೆದ್ದಿತು. ಎದುರಾದವರೆಲ್ಲ ಗಟ್ಟಿ ಮೈಯವರೇ. ಅವರ ಮೈಗೆ ಅವನು ತಾಗಲೇ ಇಲ್ಲ.

ತೂಕದ ಲೆಕ್ಕವೂ ಅಷ್ಟೆ. ಕವರ್‌ನಲ್ಲಿ ನಿಂತವನು ಓಡಿ ಬಂದು ರೈಡರ್‌ನ ಪಕ್ಕೆಗೆ ಡ್ಯಾಶ್ ಹೊಡೆದು ಅಂಕಣದಾಚೆ ತಳ್ಳುವಾಗ ಭಾರ ಕೆಲಸಕ್ಕೆ ಬರುತ್ತದೆ. ಇದನ್ನು ನಾನು ಒಪ್ಪುತ್ತೇನೆ, ಒಪ್ಪದಿದ್ದರೆ ಮೂರ್ಖನಾದೇನು. ಆದರೆ ಹೊಡೆತ ಹುಟ್ಟುವುದು ಭಾರ ಮತ್ತು ವೇಗ ಎರಡೂ ಸೇರಿದಾಗ. 75 ಕೆಜಿಯವನು 80 ಆದರೆ ಭಾರ ನೂರಕ್ಕೆ ಏಳು ಪಾಲೂ ಹೆಚ್ಚುವುದಿಲ್ಲ. ಆ ಐದು ಕೆಜಿ ಹೊಟ್ಟೆಗೆ ಸೇರಿ ಅವನ ಮೊದಲ ಹೆಜ್ಜೆ ಅದಕ್ಕಿಂತ ಹೆಚ್ಚು ನಿಧಾನವಾದರೆ ಗಳಿಸಿದ್ದೂ ಹೋಯಿತು, ಇದ್ದದ್ದೂ ಹೋಯಿತು. ಇನ್ನು ಕಾರ್ನರ್‌ನವನಿಗೆ ಭಾರದ ಉಪಯೋಗ ಕವರ್‌ನವನಿಗೆ ಇರುವಷ್ಟು ಇಲ್ಲವೇ ಇಲ್ಲ. ಎಡ ಕಾರ್ನರ್‌ಗೂ ಬಲ ಕವರ್‌ಗೂ ಒಂದೇ ತಕ್ಕಡಿ ಹಿಡಿಯುವುದು ಎತ್ತಿಗೂ ಕುದುರೆಗೂ ಒಂದೇ ನೊಗ ಹೂಡಿದಂತೆ.

ಅಮರಗೋಳದ ಎಪಿಎಂಸಿಗೆ ಯಾವತ್ತಾದರೂ ಮೆಣಸಿನಕಾಯಿ ಹಂಗಾಮಿನಲ್ಲಿ ಹೋಗಿ ನೋಡಿ. ಬ್ಯಾಡಗಿ ಕಾಯಿಯ ಚೀಲಕ್ಕೆ ಖರೀದಿದಾರ ಕೈ ಹಾಕುತ್ತಾನೆ, ಒಂದು ಹಿಡಿ ತೆಗೆದು ಮುಷ್ಟಿಯಲ್ಲಿ ಹಿಸುಕುತ್ತಾನೆ, ಬಣ್ಣ ನೋಡುತ್ತಾನೆ, ಸುಕ್ಕು ನೋಡುತ್ತಾನೆ. ನೀರು ಚಿಮುಕಿಸಿದ ಕಾಯಿ ಹೆಚ್ಚು ತೂಗುತ್ತದೆ ಎಂದು ಅವನಿಗೆ ಗೊತ್ತು, ಅದಕ್ಕೇ ಹಸಿ ಅನ್ನಿಸಿದ ಚೀಲಕ್ಕೆ ದರ ಇಳಿಸುತ್ತಾನೆ. ಮೆಣಸಿನಕಾಯಿ ಕೊಳ್ಳುವವನಿಗೆ ಇರುವಷ್ಟು ಅನುಮಾನ ಹುಡುಗರನ್ನು ಆರಿಸುವವನಿಗೂ ಇದ್ದಿದ್ದರೆ ನಾನು ಈ ಲೇಖನ ಬರೆಯುತ್ತಿರಲಿಲ್ಲ.

ಈಗ ಆ ಮಾತಿನ ತಲೆಕೆಳಗಾದ ಅರ್ಧಕ್ಕೆ ಬರುತ್ತೇನೆ. "ಆಟ ಕಲಸಬಹುದು, ಮೈ ಕಲಸಾಕ ಬರೂದಿಲ್ಲ." ಮೈ ಅಂದರೆ ಇವರು ಏನನ್ನು ಹೇಳುತ್ತಿದ್ದಾರೆ? ಎತ್ತರವನ್ನೋ, ತೂಕವನ್ನೋ? ಎತ್ತರ ಕಲಿಸಲಾಗದು, ಸರಿ. ತೂಕ? ಹದಿನೆಂಟರ ಹುಡುಗನ ಮೈ ಇನ್ನೂ ಕಟ್ಟುತ್ತಿರುತ್ತದೆ. ಹೊತ್ತಿಗೆ ಊಟ, ವಾರಕ್ಕೆ ಮೂರು ದಿನ ಕಬ್ಬಿಣ ಎತ್ತುವುದು, ನಿದ್ದೆ, ಇಷ್ಟಿದ್ದರೆ ಎರಡು ವರ್ಷದಲ್ಲಿ 62ರ ಹುಡುಗ 70 ದಾಟುವುದು ದೊಡ್ಡ ಮಾತಲ್ಲ. ಹಾಸ್ಟೆಲ್ಲಿಗೆ ಸೇರಿದ ಮೊದಲ ವರ್ಷವೇ ಎಷ್ಟು ಹುಡುಗರ ಅಂಗಿ ಬಿಗಿಯಾಗುತ್ತದೆ, ಅವರ ತಾಯಂದಿರನ್ನು ಕೇಳಿ. ಬೆಳೆಯುವ ಹುಡುಗನಿಗೆ ಕೊಡಲು ಅತ್ಯಂತ ಸುಲಭವಾದದ್ದು ತೂಕ.

ಆಟ ಕಲಿಸಬಹುದು ಎನ್ನುವಿರಲ್ಲ, ಯಾವಾಗ ಕಲಿಸುತ್ತೀರಿ? ಪ್ರವೇಶ ಮುಗಿದು ಮೊದಲ ಅಂತರ ಕಾಲೇಜು ಪಂದ್ಯಕ್ಕೆ ಹೆಚ್ಚೆಂದರೆ ಎರಡು-ಮೂರು ತಿಂಗಳು. ನಡುವೆ ಗಣೇಶ ಚೌತಿ, ಕಿರು ಪರೀಕ್ಷೆ, ಮಳೆ. ರೈಡರ್‌ನ ಎಡ ಮೊಣಕಾಲು ಎಷ್ಟು ಬಾಗಿದರೆ ಅವನು ಬಲಕ್ಕೆ ತಿರುಗುತ್ತಾನೆ, ಅವನ ಉಸಿರು ಯಾವಾಗ ಸೋಲುತ್ತದೆ, ಅವನು ಕೈ ಚಾಚಿದ್ದು ಮುಟ್ಟಲೋ ಮೋಸಕ್ಕೋ, ಪಕ್ಕದವನು ಹಾರುವ ಮೊದಲು ಅವನ ಅಂಗೈ ಯಾಕೆ ಬಿಗಿಯಾಗುತ್ತದೆ, ಇವೆಲ್ಲ ಹತ್ತು-ಹನ್ನೆರಡನೇ ವಯಸ್ಸಿನಲ್ಲಿ ಊರ ಹೊರಗಿನ ಕಣದಲ್ಲಿ, ಶಾಲೆಯ ಹಿಂದಿನ ಮಣ್ಣಿನಲ್ಲಿ, ಸಾವಿರ ಸಲ ಮುಟ್ಟಿಸಿಕೊಂಡು ಬಂದ ಬುದ್ಧಿ. ಹದಿನೆಂಟಕ್ಕೆ ಅದು ಇದ್ದರೆ ಇದೆ. ಇಲ್ಲದವನಿಗೆ ಎರಡು ತಿಂಗಳಲ್ಲಿ ಹಾಕಿಕೊಡುತ್ತೇನೆಂಬ ಕೋಚ್ ಕಬಡ್ಡಿ ಬಿಟ್ಟು ಜಾತಕ ಹೇಳುವುದು ಒಳ್ಳೆಯದು. ಆದ್ದರಿಂದ ಆ ಗಾದೆಯನ್ನು ಮಗುಚಿ ಓದಬೇಕು: ಮೈ ಕಟ್ಟಬಹುದು, ಹೊತ್ತು ನೋಡಿ ಹಾರುವ ಬುದ್ಧಿಯನ್ನು ಕಟ್ಟಲು ಕಾಲೇಜಿಗೆ ಸಮಯವಿಲ್ಲ.

ಇದರಲ್ಲಿ ಇನ್ನೊಂದು ಮೋಸವೂ ಅಡಗಿದೆ. ಹದಿನೇಳಕ್ಕೇ 80 ಕೆಜಿ ತೂಗುವ ಹುಡುಗ ಎಷ್ಟೋ ಸಲ ದೊಡ್ಡ ಹುಡುಗನಲ್ಲ, ಬೇಗ ಬೆಳೆದ ಹುಡುಗ. ಹೈಸ್ಕೂಲಿನಲ್ಲಿ ತನಗಿಂತ ಸಣ್ಣವರನ್ನು ಬರೀ ತಬ್ಬಿ ನಿಲ್ಲಿಸಿ ಬಂದವನು. ಅವನಿಗೆ ಹಿಮ್ಮಡಿ ಹಿಡಿಯುವ ಅಗತ್ಯವೇ ಬಿದ್ದಿರಲಿಲ್ಲ, ಹಾಗಾಗಿ ಕಲಿಯಲೂ ಇಲ್ಲ. ಇಪ್ಪತ್ತಕ್ಕೆ ಉಳಿದವರೆಲ್ಲ ಅವನ ಸಮಕ್ಕೆ ಬರುತ್ತಾರೆ. ಆಗ ಅವನ ಕೈಯಲ್ಲಿ ಉಳಿಯುವುದು ಏನು? ಸಣ್ಣ ಹುಡುಗನಾದರೋ ಅಷ್ಟೂ ವರ್ಷ ದೊಡ್ಡವರ ನಡುವೆ ಬದುಕುಳಿಯಲು ಬುದ್ಧಿ ಬೆಳೆಸಿಕೊಂಡು ಬಂದಿರುತ್ತಾನೆ. ಅವನ ಮೈ ಬರುವ ಹೊತ್ತಿಗೆ ನಾವು ಅವನನ್ನು ಮನೆಗೆ ಕಳಿಸಿ ಆಗಿರುತ್ತದೆ.

ಎದುರು ವಾದಗಳಿವೆ, ಕೇಳಿದ್ದೇನೆ. "ಇರಾನಿನವರನ್ನ ನೋಡ್ರಿ" ಎಂಬುದು ಮೊದಲನೆಯದು. 1990ರ ಬೀಜಿಂಗ್ ಏಷ್ಯನ್ ಗೇಮ್ಸ್‌ಗೆ ಕಬಡ್ಡಿ ಸೇರಿದಾಗಿನಿಂದ ಚಿನ್ನ ಬಿಟ್ಟುಕೊಡದಿದ್ದ ಭಾರತದ ಪುರುಷರನ್ನು 2018ರಲ್ಲಿ ಜಕಾರ್ತಾದ ಸೆಮಿಫೈನಲ್‌ನಲ್ಲಿ ಇರಾನ್ 27–18ರಿಂದ ಮಣಿಸಿತು. ಮರುದಿನದಿಂದ ಇಲ್ಲಿಯ ಚಹಾದಂಗಡಿಗಳಲ್ಲೆಲ್ಲ ಅವರ ಮೈಯದೇ ಮಾತು. ಆ ತಂಡದ ಫಜಲ್ ಅತ್ರಾಚಲಿ ಎಡ ಕಾರ್ನರ್‌ನವನು. ಅದೇ ವರ್ಷ ಯು ಮುಂಬಾ ಅವನಿಗೆ ಒಂದು ಕೋಟಿ ರೂಪಾಯಿ ಕೊಟ್ಟಿತ್ತು. ಪ್ರೊ ಕಬಡ್ಡಿಯಲ್ಲಿ 400 ಟ್ಯಾಕಲ್ ಅಂಕ ದಾಟಿದ ಮೊದಲಿಗ. ಗಟ್ಟಿ ಮೈಯವನು ಹೌದು. ಆದರೆ ಅವನ ಆಟವನ್ನು ಕಣ್ಣಿಟ್ಟು ನೋಡಿದವರಿಗೆ ಗೊತ್ತು, ಅವನು ರೈಡರ್‌ಗೆ ಆಸೆ ತೋರಿಸಿ ಒಳಗೆ ಕರೆಯುತ್ತಾನೆ, ಕಾಲು ಬಿಟ್ಟುಕೊಟ್ಟಂತೆ ನಟಿಸುತ್ತಾನೆ, ಅವನು ಬೋನಸ್ ಗೆರೆಯ ಹತ್ತಿರ ಬಂದ ಮೇಲೆಯೇ ಬೀಳುತ್ತಾನೆ. ಹುಡುಗನಾಗಿದ್ದಾಗ ಕುಸ್ತಿ ಕಲಿತವನು. ಅಲ್ಲಿಂದ ತಂದದ್ದು ಮೈಯೊಂದೇ ಅಲ್ಲ, ಸಿಕ್ಕ ಕಾಲನ್ನು ಬಿಡದ ಕೈಯನ್ನೂ ತಂದ. ನಮ್ಮವರು ಮೈ ನೋಡಿದರು, ಕೈ ನೋಡಲಿಲ್ಲ. ನಮ್ಮ ಗರಡಿಯಿಂದ ಕಬಡ್ಡಿ ಕಲಿಯಬೇಕಿದ್ದದ್ದು ಆ ಕೈಯನ್ನು. ನಾವು ಎದೆಯ ಸುತ್ತಳತೆಯನ್ನು ಮಾತ್ರ ತಂದುಕೊಂಡೆವು.

ಎರಡನೆಯದು, "ಟೀವಿಯಾಗ ಎಲ್ಲಾರೂ ದೊಡ್ಡಾವ್ರ ಅದಾರ." ಲೀಗ್ ಕೊಳ್ಳುವ ಅಂಗಡಿ, ಕಾಲೇಜು ಬೆಳೆಯುವ ಹೊಲ. 2023ರ ಹರಾಜಿನಲ್ಲಿ ಪುಣೇರಿ ಪಲ್ಟನ್ ಮೊಹಮ್ಮದ್‌ರೆಜಾ ಶಾದ್ಲೂಯಿಗೆ 2.35 ಕೋಟಿ ಸುರಿದಾಗ ಅದು ಕೊಂಡದ್ದು ಮಾಗಿದ ಹಣ್ಣು. ನಮ್ಮವರೇ ಆದ ಬಿ.ಸಿ. ರಮೇಶ್ ತರಬೇತಿಯ ಆ ತಂಡ 2024ರ ಮಾರ್ಚ್ 1ರಂದು ಹೈದರಾಬಾದಿನಲ್ಲಿ ಹರಿಯಾಣ ಸ್ಟೀಲರ್ಸ್ ವಿರುದ್ಧ 28–25ರಿಂದ ಕಪ್ ಗೆದ್ದಿತು. ಅಂಥ ತಂಡಗಳಿಗೆ ಫಿಸಿಯೋ ಇದ್ದಾರೆ, ಊಟ ತೂಗಿ ಬಡಿಸುವವರಿದ್ದಾರೆ. ಅಲ್ಲಿಯ ಹಣ್ಣಿನ ಗಾತ್ರ ನೋಡಿ ಇಲ್ಲಿ ಬೀಜದ ಗಾತ್ರ ಅಳೆಯಬಾರದು. ನಮ್ಮ ಕಾಲೇಜು ಹುಡುಗ ಬೆಳಿಗ್ಗೆ ಅಭ್ಯಾಸ ಮುಗಿಸಿ ಖಾನಾವಳಿಯಲ್ಲಿ ಎರಡು ರೊಟ್ಟಿ ಹೆಚ್ಚಿಗೆ ಕೇಳಲು ನಾಚುತ್ತಾನೆ.

ಈ ಭ್ರಮೆ ನಮ್ಮೊಬ್ಬರದಲ್ಲ ಎಂಬುದು ಸ್ವಲ್ಪ ಸಮಾಧಾನ. ಅಮೆರಿಕದವರ ಫುಟ್ಬಾಲಿನಲ್ಲಿ, ಅಂದರೆ ಮೊಟ್ಟೆಯಾಕಾರದ ಚೆಂಡನ್ನು ತಬ್ಬಿಕೊಂಡು ಓಡುವ ಅವರ ಆಟದಲ್ಲಿ, ಕಾಲೇಜುಗಳ ಸಹಾಯಕ ಕೋಚುಗಳು ಹೈಸ್ಕೂಲು ಹೈಸ್ಕೂಲು ತಿರುಗಿ ಡಿಫೆಂಡರ್‌ಗಳ ಎತ್ತರ, ತೂಕ, ತೋಳಿನ ಉದ್ದ ಬರೆದುಕೊಂಡು ಬರುತ್ತಾರೆ. ಗಾತ್ರ ಕಲಿಸಲಾಗದು ಎಂಬ ನಮ್ಮ ಗಾದೆಯೇ ಅವರಲ್ಲೂ ಇದೆ. ಸ್ಯಾಮ್ ಮಿಲ್ಸ್ ಎಂಬ ಲೈನ್‌ಬ್ಯಾಕರ್ ಐದೂಮುಕ್ಕಾಲು ಅಡಿ ಇದ್ದ. ಆ ಜಾಗಕ್ಕೆ ಅದು ಕುಳ್ಳು. ಸಣ್ಣ ಕಾಲೇಜಿನಲ್ಲಿ ಓದಿದ, ದೊಡ್ಡ ತಂಡ ಕೈಬಿಟ್ಟಿತು, ಕೆಲಕಾಲ ಶಾಲೆಯಲ್ಲಿ ಪಾಠ ಮಾಡಿದ. 2022ರಲ್ಲಿ, ಅವನು ತೀರಿಕೊಂಡು ಎಷ್ಟೋ ವರ್ಷವಾದ ಮೇಲೆ, ಅವರ ಹಾಲ್ ಆಫ್ ಫೇಮ್‌ಗೆ ಅವನ ಹೆಸರು ಸೇರಿತು. ನಾವು ಆಡುವ ಫುಟ್ಬಾಲಿನಲ್ಲಿಯೂ ಇಟಲಿಯ ಫ್ಯಾಬಿಯೊ ಕನ್ನವಾರೊ ಹೆಚ್ಚುಕಡಿಮೆ ಅಷ್ಟೇ ಎತ್ತರದವನು; ರಕ್ಷಣೆಯ ನಡುವೆ ನಿಂತು 2006ರ ವಿಶ್ವಕಪ್ ಎತ್ತಿದ ನಾಯಕ, ಆ ವರ್ಷದ ಬ್ಯಾಲನ್ ಡಿ'ಓರ್ ಕೂಡ ಅವನಿಗೇ. ಒಬ್ಬಿಬ್ಬರ ಹೆಸರು ಹೇಳಿ ನಿಯಮ ಮುರಿಯಲಾಗದು ಎಂದು ಯಾರಾದರೂ ಎದ್ದು ನಿಂತಾರು. ಒಪ್ಪಿದೆ. ಆದರೆ ತಕ್ಕಡಿಯಲ್ಲೇ ತಡೆದು ಕಳಿಸಿದವರ ಪಟ್ಟಿ ಯಾರ ಹತ್ತಿರ ಇದೆ? ಆಡಿದವರ ಮೈ ಮಾತ್ರ ನೋಡಿ ನಿಯಮ ಕಟ್ಟಿದರೆ ಅದು ನಿಂತ ಮನೆಗಳನ್ನಷ್ಟೇ ಎಣಿಸಿ ಭೂಕಂಪವೇ ಆಗಿಲ್ಲ ಎಂದಂತೆ.

ಇಷ್ಟೆಲ್ಲ ಸಹಾಯಕ ಕೋಚುಗಳಿಗೆ ಗೊತ್ತಿಲ್ಲವೇ? ಗೊತ್ತಿದೆ. ಅವರಲ್ಲಿ ಹೆಚ್ಚಿನವರು ಸ್ವತಃ ಆಡಿದವರು, ಎಷ್ಟೋ ಜನ ಸ್ವತಃ ಕುಳ್ಳರು! ಹಾಗಿದ್ದೂ ತಕ್ಕಡಿಗೆ ಯಾಕೆ ಜೋತುಬೀಳುತ್ತಾರೆ? ಇಲ್ಲಿಯೇ ನನಗೆ ಅವರ ಮೇಲೆ ಸಿಟ್ಟಿಗಿಂತ ಮರುಕ ಹೆಚ್ಚು. ಕಾಲೇಜಿಗೆ ದೈಹಿಕ ಶಿಕ್ಷಣ ನಿರ್ದೇಶಕರು ಒಬ್ಬರು, ಅವರ ತಲೆಯ ಮೇಲೆ ಖೋಖೋದಿಂದ ಚೆಸ್‌ವರೆಗೆ ಎಲ್ಲ ಆಟ, ಅದರ ಮೇಲೆ ಪರೀಕ್ಷಾ ಕೆಲಸ. ಕಬಡ್ಡಿ ಬೀಳುವುದು ಒಬ್ಬ ಹಳೆಯ ಆಟಗಾರನ ಹೆಗಲಿಗೆ. ಗೌರವಧನ ಹೆಸರಿಗಷ್ಟೇ, ಮುಂದಿನ ವರ್ಷ ಕರೆದಾರೆಂಬ ಖಾತ್ರಿ ಇಲ್ಲ. ಅವನು ಅರವತ್ತು ಜನರಲ್ಲಿ ಹನ್ನೆರಡು ಜನರನ್ನು, ಏಳು ಆಡುವವರು ಐದು ಕಾಯುವವರು, ಒಂದೇ ಮಧ್ಯಾಹ್ನ ಆರಿಸಬೇಕು. 81 ಕೆಜಿಯವನನ್ನು ಆರಿಸಿ ಸೋತರೆ "ಹುಡುಗನ ನಸೀಬ" ಎನ್ನುತ್ತಾರೆ. 62ರವನನ್ನು ಆರಿಸಿ ಸೋತರೆ "ಇಂಥಾ ಪಾಪಡಾನ್ನ ಯಾಕ ತಗೊಂಡಿ?" ಎಂದು ಕೋಚ್‌ನ ಕೊರಳಪಟ್ಟಿ ಹಿಡಿಯುತ್ತಾರೆ. ತಕ್ಕಡಿ ಅವನಿಗೆ ಆಟಗಾರನನ್ನು ತೋರಿಸುವುದಿಲ್ಲ, ಸಾಕ್ಷಿ ಒದಗಿಸುತ್ತದೆ. ಶಿಫಾರಸಿನ ಫೋನು ಬಂದಾಗಲೂ ಅದೇ ಅವನ ಗುರಾಣಿ: "ಸರ, ತೂಕ ಕಡಿಮಿ ಬಂತ್ರಿ." ಆ ಗುರಾಣಿಯ ಅಗತ್ಯ ನನಗೆ ಅರ್ಥವಾಗುತ್ತದೆ. ಆದರೆ ತನ್ನ ರಕ್ಷಣೆಗೆ ಹಿಡಿದದ್ದನ್ನು ಆಟದ ಶಾಸ್ತ್ರ ಎಂದು ಸಾರಬಾರದು.

ಯಾಕೆಂದರೆ ಅದರ ಬೆಲೆಯನ್ನು ಹುಡುಗರು ತೆರುತ್ತಾರೆ. ಹಿರಿಯ ಪುರುಷರಿಗೆ ಈಗ 85 ಕೆಜಿ ಮಿತಿ, ಹಿಂದೆ 80 ಇತ್ತು; ಜೂನಿಯರ್ ಹುಡುಗರಿಗೆ 70. ನಮ್ಮ ಹಳ್ಳಿಗಳ ಪಂದ್ಯಾವಳಿಗಳಲ್ಲಿ 55, 60, 65 ಕೆಜಿ ವಿಭಾಗಗಳೇ ಹೆಚ್ಚು. ಹೀಗಾಗಿ ಒಬ್ಬನೇ ಹುಡುಗ ಕಾಲೇಜು ಆಯ್ಕೆಗೆ ಮೈ ಏರಿಸುತ್ತಾನೆ, ಹದಿನೈದು ದಿನ ಬಿಟ್ಟು ಜೂನಿಯರ್ ಪಂದ್ಯಕ್ಕೆ ಇಳಿಸುತ್ತಾನೆ. ಏರಿಸಲು ಯಾವುದೋ ಡಬ್ಬಿಯ ಪುಡಿ, ಇಳಿಸಲು ಮಳೆಗಾಲದ ಜರ್ಕಿನ್ ತೊಟ್ಟು ಬಿಸಿಲಲ್ಲಿ ಓಟ, ತೂಕದ ಹಿಂದಿನ ರಾತ್ರಿ ನೀರಿಲ್ಲ. ಬಾಯಿ ಒಣಗಿ, ತುಟಿ ಬಿರಿದು, ತಕ್ಕಡಿ ಹತ್ತಿ ಪಾಸಾದ ಕೂಡಲೇ ಗಟಗಟ ಎರಡು ಬಾಟಲಿ ನೀರು ಕುಡಿದು ವಾಂತಿ ಮಾಡಿದವನನ್ನು ನಾನು ನೋಡಿದ್ದೇನೆ. ಅವನೂ ಕಾರ್ನರ್‌ನವನೇ. ಆ ದಿನ ಅವನ ಕೈಯಲ್ಲಿ ಹಿಡಿತವೇ ಇರಲಿಲ್ಲ. ಬಗ್ಗಿ ಕುಳಿತು ಆಡುವ ಕಾರ್ನರ್‌ನವನ ಮೊಣಕಾಲಿನ ಮೇಲೆ ಅವಸರದಲ್ಲಿ ಹೇರಿದ ಭಾರ ಏನು ಮಾಡುತ್ತದೆ ಎಂಬುದನ್ನು ಎಲುಬಿನ ಡಾಕ್ಟರ ಮುಂದೆ ಸರದಿ ಕೂತ ಹುಡುಗರನ್ನು ನೋಡಿದರೆ ತಿಳಿಯುತ್ತದೆ.

ಹುಡುಗಿಯರ ವಿಷಯದಲ್ಲಿ ಈ ತಕ್ಕಡಿ ಇನ್ನೂ ಅಸಂಬದ್ಧ. ಅವರ ಅಂಕಣ 12 ಮೀಟರ್‌ಗೆ 8. ಬಾಕ್ ಲೈನ್ ಮೂರೇ ಮೀಟರ್‌ಗೆ, ಬೋನಸ್ ನಾಲ್ಕಕ್ಕೆ. ಗೆರೆ ಹತ್ತಿರ ಬಂದಷ್ಟೂ ಮೊದಲು ಹಿಡಿಯುವುದರ ಬೆಲೆ ಏರುತ್ತದೆ. ತೇಜಸ್ವಿನಿ ಬಾಯಿ, ಮಮತಾ ಪೂಜಾರಿ ಅವರಂಥ ಅರ್ಜುನ ಪ್ರಶಸ್ತಿ ವಿಜೇತರನ್ನು ಕೊಟ್ಟ ರಾಜ್ಯ ಇದು. ಇಲ್ಲಿಯೂ ಹಳ್ಳಿಯಿಂದ ಬಂದ ಹುಡುಗಿಗೆ ಮೊದಲು ಕೇಳುವುದು ತೂಕ, ಅದೂ ಎಲ್ಲರೆದುರು, ಗಟ್ಟಿ ದನಿಯಲ್ಲಿ.

ಮಣ್ಣಿನ ಮಾತೂ ಇದೆ. ನಮ್ಮ ಆಯ್ಕೆ ನಡೆಯುವುದು ಮಣ್ಣಿನ ಮೇಲೆ, ದೊಡ್ಡ ಪಂದ್ಯ ನಡೆಯುವುದು ಮ್ಯಾಟ್ ಮೇಲೆ. ನವಲಗುಂದದ ಎರೆ ಮಣ್ಣು ಹಸಿಯಾದರೆ ರೈಡರ್‌ನ ಪಾದ ಹೂತು ಅವನು ನಿಧಾನವಾಗುತ್ತಾನೆ, ಆಗ ಭಾರದವನಿಗೂ ತಬ್ಬಲು ಪುರಸೊತ್ತು ಸಿಗುತ್ತದೆ. ಮ್ಯಾಟ್ ಮೇಲೆ ಶೂ ಕಚ್ಚಿ ಹಿಡಿಯುತ್ತದೆ, ರೈಡರ್ ಮೂಲೆಯಿಂದ ಚಿಮ್ಮುತ್ತಾನೆ. ಮಣ್ಣಿನಲ್ಲಿ ಗೆದ್ದ ಮೈ ಮ್ಯಾಟ್ ಮೇಲೆ ಎಡವುವುದನ್ನು ನಾನು ಎಷ್ಟು ಸಲ ನೋಡಿದ್ದೇನೋ. ಸೋತು ಬಂದ ಮೇಲೆ ಕೋಚ್ ಏನು ಹೇಳುತ್ತಾರೆ ಗೊತ್ತೇ? "ಇನ್ನೂ ಗಟ್ಟಿ ಹುಡುಗ್ರು ಬೇಕ್ರಿ."

ಹಾಗಾದರೆ ಏನು ನೋಡಬೇಕು? ಅಂಕಣದಲ್ಲಿ ಗೆರೆಗಳಿವೆಯಲ್ಲ, ಅವನ್ನೇ ನೋಡಿ. ಹಿಡಿದ ಜಾಗದಲ್ಲಿ ಸುಣ್ಣದ ಗುರುತು ಹಾಕಿ. ನಾಲ್ಕು ಮೀಟರ್‌ನ ಆಚೆ ಯಾರ ಗುರುತು ಹೆಚ್ಚು, ಈಚೆ ಯಾರದು? ಒಂದು ಪೆನ್ಸಿಲು, ಒಂದು ವಹಿ ಸಾಕು. ಏಳು ಜನರನ್ನು ನಿಲ್ಲಿಸಿ ನೋಡಿದ್ದು ಸಾಲದು, ಮೂವರನ್ನೇ ಉಳಿಸಿ ನೋಡಿ. ಮೂವರು ಅಥವಾ ಅದಕ್ಕೂ ಕಡಿಮೆ ಇದ್ದಾಗ ಹಿಡಿದರೆ ಸೂಪರ್ ಟ್ಯಾಕಲ್, ಎರಡು ಅಂಕ. ಅಲ್ಲಿ ಅವಸರಗೇಡಿ ಯಾರು, ಕಾಯಬಲ್ಲವನು ಯಾರು ಎಂಬುದು ಬಯಲಾಗುತ್ತದೆ. ಎರಡು ಖಾಲಿ ರೈಡ್ ಆದ ಮೇಲೆ ಮೂರನೆಯದಕ್ಕೆ ಬರುವವನು ಅಂಕ ತರಲೇಬೇಕು, ಇಲ್ಲವಾದರೆ ಔಟ್. ಆಗಲೂ ಮುಂದೆ ಹಾರುವ ಡಿಫೆಂಡರ್ ಎಷ್ಟೇ ದಪ್ಪ ಇದ್ದರೂ ತಂಡಕ್ಕೆ ಸಾಲ. ಒಬ್ಬೊಬ್ಬರನ್ನೇ ಬಿಡಿಬಿಡಿಯಾಗಿ ಆರಿಸಬೇಡಿ, ಜೋಡಿ ನೋಡಿ. ಪ್ರೊ ಕಬಡ್ಡಿಯ ಗುಜರಾತ್ ತಂಡದಲ್ಲಿ ಸುನಿಲ್ ಕುಮಾರ್, ಪರ್ವೇಶ್ ಭೈಂಸ್ವಾಲ್ ಎಂಬ ಇಬ್ಬರು ಕವರ್‌ಗಳು ಕಟ್ಟಿದ ಗೋಡೆಗೆ ಇಟ್ಟಿಗೆ ಒಬ್ಬನದು, ಗಾರೆ ಇನ್ನೊಬ್ಬನದು. ಊರಿನಲ್ಲಿ ಹತ್ತು ವರ್ಷ ಕೂಡಿ ಆಡಿದ ಇಬ್ಬರಲ್ಲಿ ಒಬ್ಬನ ತೂಕ ಕಡಿಮೆ ಎಂದು ಅವನನ್ನು ಬಿಟ್ಟು ಇನ್ನೊಬ್ಬನನ್ನು ಆರಿಸಿದರೆ ನೀವು ಅರ್ಧ ಆಟಗಾರನನ್ನು ಆರಿಸಿದಂತೆ. ಇನ್ನು ದಣಿದ ಮೇಲೆ ನೋಡಿ. ಇಪ್ಪತ್ತು ನಿಮಿಷದ ಮೊದಲಾರ್ಧ ಮುಗಿಸಿ ಏದುಸಿರು ಬಿಡುವಾಗ, ಒಮ್ಮೆ ಮೋಸ ಹೋಗಿ ಮುಟ್ಟಿಸಿಕೊಂಡವನು ಮುಂದಿನ ರೈಡ್‌ಗೆ ಅದೇ ಮೋಸಕ್ಕೆ ಬೀಳುತ್ತಾನೋ ಇಲ್ಲವೋ. ಒಂದೇ ಮಧ್ಯಾಹ್ನ ಇದೆಲ್ಲ ಆಗುವುದಿಲ್ಲ, ನನಗೂ ಗೊತ್ತು. ಮೂರು ವಾರ ಕೊಡಿ. ಪ್ರಾಚಾರ್ಯರನ್ನು ಕೇಳಿ ಪಡೆಯಿರಿ. ಅದಕ್ಕೆ ಖರ್ಚಾಗುವುದು ಸುಣ್ಣ ಮತ್ತು ಸಂಜೆಗಳು. ತೂಕದ ಯಂತ್ರ ಬೇಕೇ ಬೇಕು, ಇಲ್ಲ ಎನ್ನುವುದಿಲ್ಲ. ಮಿತಿ ದಾಟಿದವರು ಯಾರು ಎಂದು ತಿಳಿಯಲು, ಪಂದ್ಯದ ಹಿಂದಿನ ವಾರ.

ಆ 62 ಕೆಜಿಯ ಹುಡುಗನ ಮಾತು ಬಿಟ್ಟಿದ್ದೆ. ಅದರ ಮುಂದಿನ ಬೇಸಿಗೆಯಲ್ಲಿ ಕಲಘಟಗಿ ಹತ್ತಿರದ ಒಂದು ಊರ ಜಾತ್ರೆಯಲ್ಲಿ 65 ಕೆಜಿ ವಿಭಾಗದ ಪಂದ್ಯ ಇತ್ತು, ಹ್ಯಾಲೋಜನ್ ದೀಪದ ಬೆಳಕಿನಲ್ಲಿ. ಅವನು ತನ್ನ ಊರಿನ ತಂಡದ ಎಡ ಮೂಲೆಯಲ್ಲಿ, ಅಂಗೈಗೆ ಮಣ್ಣು ಒರೆಸಿಕೊಳ್ಳುತ್ತ ನಿಂತಿದ್ದ. ಅವನ ಪಕ್ಕದ ಇನ್ ಜಾಗದಲ್ಲಿ ಅವನ ಚಿಕ್ಕಪ್ಪನ ಮಗ. ಫೈನಲ್‌ನಲ್ಲಿ ಮೂವರು ಉಳಿದಿದ್ದರು. ರೈಡರ್ ಬಂದ, ಬೋನಸ್ ಗೆರೆಗೆ ಕಾಲು ಚಾಚಿದ. ಹುಡುಗ ಅಲ್ಲಾಡಲಿಲ್ಲ. ಚಾಚಿದ ಕಾಲು ಹಿಂದಕ್ಕೆಳೆಯುವ ಮೊದಲಿನ ಆ ಒಂದು ಗಳಿಗೆ ಇರುತ್ತದಲ್ಲ, ಅದು ಬಂದಾಗ ಅವನು ಅಲ್ಲಿದ್ದ. ಚಿಕ್ಕಪ್ಪನ ಮಗ ಕರೆಯದೆಯೇ ಬಂದು ಸೊಂಟಕ್ಕೆ ಬಿದ್ದ. ರೈಡರ್‌ನ ಬೆರಳು ನಡುಗೆರೆಗೆ ಎಂಟು ಅಡಿ ಹಿಂದೆ ಮಣ್ಣು ಕೆರೆಯುತ್ತ ಉಳಿಯಿತು. ನನ್ನ ಪಕ್ಕ ಕೂತ ಮುದುಕ ಬೀಡಿ ಆರಿಸಿ ಕೇಳಿದ, "ಯಾವ ಕಾಲೇಜಿಗೆ ಆಡ್ತಾನ್ರಿ ಈ ಹುಡುಗ?" ಯಾವುದಕ್ಕೂ ಇಲ್ಲ ಎಂದೆ. ಅವನಿಗೆ ನಂಬಿಕೆ ಬರಲಿಲ್ಲ. ನಾನು ಸುಳ್ಳು ಹೇಳುತ್ತಿದ್ದೇನೆ ಎಂಬಂತೆ ಮುಖ ನೋಡಿ, ಬೀಡಿ ಮತ್ತೆ ಹಚ್ಚಿಕೊಂಡ.